ನುಂಗಿ ಹಾಡುವ ಮಾತು

ಕುಸುಮಾಳ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಪುಟ್ಟರಾಜುವಿನ ಆಟೋದಲ್ಲಿ. ಅದು ಮೂರು ವರ್ಷದ ಹಿಂದಿನ ಒಂದು ಶನಿವಾರ. ಶನಿವಾರಸಂತೆಗೆ ಶನಿವಾರ ಹೋಗದ ಹೆಂಗಸು ನಮ್ಮ ಕಡೆ ಯಾರೂ ಇಲ್ಲ. ನಾನೂ ಚನ್ನಬಸಮ್ಮನೂ ಸಂತೆ ಮುಗಿಸಿ ಹಿಂದಿನ ಸೀಟಿನಲ್ಲಿ ಕೂತಿದ್ದೆವು. ಕಾಲಡಿ ಎಲೆಕೋಸು, ಅವಳ ತೊಡೆಯ ಮೇಲೆ ಒಂದು ಹೊಸ ಬಾಣಲೆ. ಚನ್ನಬಸಮ್ಮ ನನ್ನ ಓರಗೆಯವಳು, ಪಕ್ಕದ ಮನೆಯವಳು. ನಾವಿಬ್ಬರೂ ಈ ಊರಿಗೆ ಸೊಸೆಯರಾಗಿ ಬಂದ ವರ್ಷದಿಂದ ಸುತ್ತಲಿನ ಮದುವೆಮನೆಗಳಲ್ಲಿ ಜೋಡಿಯಾಗಿ ಸೋಬಾನೆ ಹಾಡಿದವರು. ಅವಳು ಮುಂದೆ ಎತ್ತಿದರೆ ನಾನು ಹಿಂದೆ ಹಿಡಿಯುತ್ತಿದ್ದೆ.

ಪುಟ್ಟರಾಜುವಿನ ಆಟೋದಲ್ಲಿ ಹಾಡು ಯಾವುದು, ಇಂಜಿನ್ನು ಯಾವುದು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ದಿನ ಮಾತ್ರ ಯಾರೋ ಹೆಂಗಸರು ಹೇಳಿದ ಭಜನೆ ಬರುತ್ತಿತ್ತು, ಒಂದೊಂದು ಮಾತೂ ತೊಳೆದಿಟ್ಟ ಹಾಗೆ ಕೇಳುತ್ತಿತ್ತು.

"ಏನಪ್ಪ ಪುಟ್ಟರಾಜು, ಹೊಸ ಡಬ್ಬ ಹಾಕ್ಸಿದೀಯ?" ಎಂದೆ.

"ಡಬ್ಬ ಹಳೇದೇ ಅಜ್ಜಿ. ಹಾಡು ಹೊಸದು. ಇದುಕ್ಕೆ ನಮ್ ಕುಸುಮಕ್ಕ ಮಾಸ್ಟರಿಂಗ್ ಮಾಡಿರೋದು. ಮೈಕ್‌ಸೆಟ್ ಚನ್ನಮಲ್ಲಪ್ಪೋರ ಮಗಳು."

ಚನ್ನಮಲ್ಲಪ್ಪ ನನಗೆ ಗೊತ್ತಿದ್ದವರು. ನಾವು ಹಾಡಿದ ಎಷ್ಟೋ ಮದುವೆಗಳಿಗೆ ಅವರದೇ ಮೈಕ್‌ಸೆಟ್. ಅವರ ಮಗಳು ಮೇಷ್ಟ್ರಾದಳು ಎಂದು ಕೇಳಿ ನನಗೆ ನಿಜಕ್ಕೂ ಸಂತೋಷವಾಯಿತು.

"ಒಳ್ಳೇದಾಯ್ತು ಬುಡಪ್ಪ. ಯಾವ ಸ್ಕೂಲಲ್ಲಿ?"

ಪುಟ್ಟರಾಜು ಆಟೋವನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ನಕ್ಕ. "ಅಯ್ಯೋ ಅಜ್ಜಮ್ಮ, ಮೇಷ್ಟ್ರಲ್ಲ, ಮಾಸ್ಟರಿಂಗು! ಹಾಡಿಗೆ ಮಾಡೋದು ಅದು."

"ಹಾಡಿಗೂ ಮೇಷ್ಟ್ರು ಬಂದ್ರಾ?" ಎಂದಳು ಚನ್ನಬಸಮ್ಮ. "ಐವತ್ತು ವರ್ಷ ನಾವು ಯಾವ ಮೇಷ್ಟ್ರೂ ಇಲ್ದೆ ಹಾಡಿದ್ವಲ್ಲೇ ಗುರುಸಿದ್ದಿ!"

ಆಮೇಲೆ ಅವನು ತನಗೆ ತಿಳಿದಷ್ಟು ಹೇಳಿದ. ಹಾಡಿದ್ದನ್ನು ಮೈಕಿನಲ್ಲಿ ಹಿಡಿದುಕೊಂಡ ಮೇಲೆ ಅದಕ್ಕೆ ಕೊನೆಯ ಕೆಲಸ ಒಂದಿರುತ್ತದಂತೆ. ಬಟ್ಟೆ ಹೊಲಿದ ಮೇಲೆ ಇಸ್ತ್ರಿ ಹಾಕುವ ಹಾಗೆ. ಅದೇ ಹಾಡು ಫೋನಿನಲ್ಲಿ ಕೇಳಿದರೂ ಚೆನ್ನಾಗಿರಬೇಕು, ಗುಡಿಯ ಮೈಕಿನಲ್ಲಿ ಕೇಳಿದರೂ ಚೆನ್ನಾಗಿರಬೇಕು, ಅವನ ಆಟೋದ ಡಬ್ಬದಲ್ಲೂ ಚೆನ್ನಾಗಿರಬೇಕು. ಕುಸುಮಾ ಪ್ರತಿ ಹಾಡು ಮುಗಿಸಿದಾಗಲೂ ಮೊದಲು ಅವನ ಆಟೋಗೆ ಬಂದು ಕೂತು ಹಾಕಿಸಿ, "ಹೆಂಗಿದೆ ಪುಟ್ರಾಜಣ್ಣ?" ಎಂದು ಅವನನ್ನೇ ಕೇಳುತ್ತಾಳಂತೆ. "ಇದರಲ್ಲಿ ಚೆನ್ನಾಗಿದ್ರೆ ಎಲ್ಲದರಲ್ಲೂ ಚೆನ್ನಾಗಿರುತ್ತೆ ಅಂತಾರೆ" ಎಂದು ಅವನು ಹೆಮ್ಮೆಯಿಂದಲೇ ಹೇಳಿದ. ತನ್ನ ಡಬ್ಬದ ಮರ್ಯಾದೆ ಹೋಯಿತು ಎಂದು ಅವನಿಗೆ ಹೊಳೆಯಲಿಲ್ಲ.

ಅವಳನ್ನು ಕಣ್ಣಾರೆ ಕಂಡದ್ದು ಮಾರನೆಯ ವರ್ಷ. ಚನ್ನಬಸಮ್ಮನ ಮಗಳು ಸುಲೋಚನಮ್ಮ, ಆಕೆಯ ಮಗಳು ಭವ್ಯಶ್ರೀ. ಆ ಮೊಮ್ಮಗಳಿಗೆ ಮದುವೆ ಗೊತ್ತಾಯಿತು. ಹುಡುಗಿ ಕುಶಾಲನಗರದಲ್ಲಿ ನರ್ಸು, ಹಟಮಾರಿ. ಹೆಣ್ಣು ಒಪ್ಪಿಸುವಾಗ ಅಜ್ಜಿಯೇ ಹಾಡಬೇಕು ಎಂದು ಪಟ್ಟು ಹಿಡಿದಳು. ಅಷ್ಟು ಹೊತ್ತಿಗೆ ಚನ್ನಬಸಮ್ಮನಿಗೆ ಉಬ್ಬಸ ಹತ್ತಿತ್ತು. ಎರಡು ಸಾಲು ಹಾಡಿದರೆ ಎದೆಯೊಳಗೆ ತಿದಿ ಒತ್ತಿದ ಹಾಗೆ ಸದ್ದು. ಜನಗಳ ನಡುವೆ, ಧೂಳಿನಲ್ಲಿ, ಅವಳಿಂದ ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಭವ್ಯಶ್ರೀಯೇ ಉಪಾಯ ಹೇಳಿದಳು. "ಮುಂಚೇನೇ ಕುಸುಮಕ್ಕನ ಹತ್ರ ಹಾಡಿ ಇಟ್ಬುಡಿ. ಆವತ್ತು ಅದನ್ನೇ ಹಾಕೋಣ."

ಕುಸುಮಾಳ ಜಾಗ ಅಪ್ಪನ ಮೈಕ್‌ಸೆಟ್ ಅಂಗಡಿಯ ಹಿಂದೆ, ಮೊದಲು ಶುಂಠಿ ತುಂಬುತ್ತಿದ್ದ ಕೋಣೆ. ಗೋಣಿಚೀಲಗಳಿಗೆ ಕಾಫಿ ಹೊಟ್ಟು ತುಂಬಿ, ಹೊಲಿದು, ನಾಲ್ಕೂ ಗೋಡೆಗೆ ಒತ್ತಾಗಿ ಕಟ್ಟಿದ್ದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ನಮ್ಮ ಉಸಿರು ನಮಗೇ ಕೇಳುತ್ತಿತ್ತು. ಅವಳಿಗೆ ಆಗ ನಲವತ್ತರ ಹತ್ತಿರ. ಉದ್ದಕ್ಕೆ ಒಣಗಿದ ಮೈ, ತುರುಬಿಗೆ ಸಿಕ್ಕಿಸಿದ ಪೆನ್ಸಿಲು. ಮೈಸೂರಿನಲ್ಲಿ ಹತ್ತು ವರ್ಷ ಸೌಂಡಿನ ಕೆಲಸ ಮಾಡಿ, ತಾಯಿ ಹೋದ ಮೇಲೆ ಅಪ್ಪನ ಜೊತೆ ಇರಲು ಬಂದವಳು. ನಾವು ಮಾತಾಡುವಾಗ ಅವಳು ನಮ್ಮ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದಳು, ಹಲ್ಲು ಎಷ್ಟು ಉಳಿದಿವೆ ಎಂದು ಎಣಿಸುವವಳ ಹಾಗೆ.

ಎರಡು ಸಾಲು ಹಾಡುವುದು, ಚನ್ನಬಸಮ್ಮ ಸುಧಾರಿಸಿಕೊಳ್ಳುವುದು, ಮತ್ತೆ ಎರಡು ಸಾಲು. ಹೀಗೆ ಒಂದು ಮಧ್ಯಾಹ್ನವೆಲ್ಲ ಹಿಡಿಯಿತು. ಎಲ್ಲ ಆದಮೇಲೆ ಕುಸುಮಾ ಕಂಪ್ಯೂಟರಿನ ಮುಂದೆ ಕೂತಳು. ಪರದೆಯ ಮೇಲೆ ನಮ್ಮ ಹಾಡು ಕಂಬಳಿಹುಳದ ಹಾಗೆ ಉದ್ದಕ್ಕೆ ಮಲಗಿತ್ತು.

"ಈಗ ಇದನ್ನ ಈ ಪ್ರೋಗ್ರಾಮಿಗೆ ಕೊಡ್ತೀನಿ ದೊಡ್ಡಮ್ಮ. ಇದಕ್ಕೆ ಸಾವಿರಾರು ಹಾಡು ಕೇಳಿಸಿದಾರೆ. ಮುಗಿಸಿದ ಹಾಡು ಹೆಂಗಿರ್ಬೇಕು ಅಂತ ತಾನೇ ಕಲ್ತುಕೊಂಡಿದೆ. ಎಲ್ಲಿ ಕಮ್ಮಿ, ಎಲ್ಲಿ ಜಾಸ್ತಿ, ಅದೇ ಸರಿ ಮಾಡುತ್ತೆ."

"ಯಾರ ಹಾಡು ಕೇಳ್ಸಿರೋದು?"

"ಯಾರ್‍ಯಾರ್ದೋ. ಸಿನಿಮಾದೋರ್ದು, ಹೊರದೇಶದೋರ್ದು."

"ನಮ್ಮಂಥೋರ್ದು?"

"ನಿಮ್ಮದು ಅದಕ್ಕೆ ಎಲ್ಲಿ ಸಿಗ್ಬೇಕು?" ಎಂದು ನಕ್ಕಳು. "ಇವತ್ತು ಸಿಕ್ತಲ್ಲ."

"ಹಂಗಾದ್ರೆ ಮೇಷ್ಟ್ರು ನೀನಲ್ಲ, ಅದು" ಎಂದಳು ಚನ್ನಬಸಮ್ಮ.

ಅದು ಕೆಲಸ ಮುಗಿಸಿ ಹಾಡನ್ನು ಮರಳಿ ಕೊಟ್ಟಾಗ ನಾವಿಬ್ಬರೂ ಪರದೆಯ ಹತ್ತಿರಕ್ಕೆ ಸರಿದೆವು. ಚನ್ನಬಸಮ್ಮನ ಎದೆಯ ಸದ್ದೇ ಇಲ್ಲ. ದನಿ ಮಾತ್ರ ಉಳಿದಿತ್ತು, ಸುಲೋಚನಮ್ಮನ ಬಾಣಂತನದ ಕಾಲದಲ್ಲಿ ಹೇಗಿತ್ತೋ ಹಾಗೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, "ನನ್ನ ಉಬ್ಬಸಾನೂ ಇದುಕ್ಕೇ ಕೊಟ್ಬುಡ್ತೀನಿ ಕಣಮ್ಮ, ಇಟ್ಕೊಳ್ಳಿ" ಎಂದಳು. ಉಬ್ಬಸ ಮಾಯವಾದ ಬೆರಗಿನಲ್ಲಿ ನಾವು ಮೊದಲ ಎರಡು ನುಡಿ ಕೇಳಿ ಎದ್ದೆವು. ಪುಟ್ಟರಾಜು ಹೊರಗೆ ಹಾರನ್ ಒತ್ತುತ್ತಿದ್ದ. ಕೊನೆಯ ನುಡಿ ಕೇಳಲಿಲ್ಲ. ನಮ್ಮ ತಪ್ಪು ಅದು.

ಆ ಕೊನೆಯ ನುಡಿಯ ವಿಷಯ ಹೇಳಬೇಕು. ನಮ್ಮಲ್ಲಿ ಮನೆಯಿಂದ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತಾರೆ. ಸಂತೆಗೆ ಹೊರಟವರಿಗೂ ಹಾಗೇ. ಹೆಣ್ಣು ಒಪ್ಪಿಸುವ ಪದದ ಕೊನೆಯಲ್ಲಿ, "ಹೊಸಿಲ ದಾಟಿ ಹೋಗಿ ಬಾರೆ, ಹಾಲುಗೈಯ ಕೂಸೆ" ಎಂದಿದೆ. ಅಲ್ಲಿ 'ಹೋಗಿ' ಬಿಟ್ಟರೆ ತಾಳ ಕೆಡುತ್ತದೆ, ಬಾಯಿಬಿಟ್ಟು ಹೇಳಿದರೆ ಮಗಳನ್ನು ಹೋಗು ಎಂದ ಹಾಗಾಗುತ್ತದೆ. ಅದಕ್ಕೇ ನಾವು ಅದನ್ನು ಗಂಟಲಲ್ಲೇ ನುಂಗಿ, 'ಬಾರೆ' ಎನ್ನುವುದನ್ನು ಬಾಯಿ ತುಂಬ ಬಿಡುತ್ತೇವೆ. ನನ್ನ ಅತ್ತೆ ನನಗೆ ಕಲಿಸಿದ್ದು ಹೀಗೆ. ಸರಿಯಾಗಿ ನುಂಗಲು ಬರುವ ತನಕ ಅವರು ನನ್ನನ್ನು ಹಸೆಯ ಮುಂದೆ ಕೂರಿಸಲಿಲ್ಲ.

ಮದುವೆ ಸೋಮವಾರಪೇಟೆಯ ಒಂದು ಛತ್ರದಲ್ಲಿ. ಹುಡುಗಿಯ ಕೈಯನ್ನು ಹಾಲಿನ ಬಟ್ಟಲಿಗೆ ಅದ್ದಿಸಿ ಬೀಗಿತ್ತಿಯ ಕೈಗೆ ಕೊಡುವ ಹೊತ್ತಿಗೆ ಕುಸುಮಾ ಹಾಡು ಹಾಕಿದಳು. ಚನ್ನಬಸಮ್ಮನ ದನಿ ಮೇಲಿನಿಂದ ಇಳಿದ ಹಾಗೆ ಬಂತು. ಗಂಡಸರೂ ಕಣ್ಣೊರೆಸಿಕೊಂಡರು. ಕೊನೆಯ ನುಡಿ ಬಂತು ನೋಡಿ, "ಹೊಸಿಲ ದಾಟಿ ಹೋಗಿ!" ಎಂದು ಮೈಕು ಕೂಗಿತು. 'ಬಾರೆ' ಎಷ್ಟು ಗಟ್ಟಿಯೋ 'ಹೋಗಿ'ಯೂ ಅಷ್ಟೇ ಗಟ್ಟಿ. ಪದದ ಕಟ್ಟಿನಂತೆ ಆ ಸಾಲು ಮೂರು ಸಲ. ಮೂರು ಸಲವೂ ಹಾಗೇ.

ಸುಲೋಚನಮ್ಮನ ಕೈಯ ಬಟ್ಟಲು ವಾಲಿ ಹಾಲು ಸೀರೆಯ ಮೇಲೆ ಚೆಲ್ಲಿತು. ಗಂಡಿನ ಕಡೆಯ ಒಬ್ಬ ಹೆಂಗಸು ಪಕ್ಕದವಳಿಗೆ, "ಇದೇನ್ರೀ, ಹೆಣ್ಣನ್ನ ಕಳಿಸ್ಕೊಡ್ತಾವ್ರೋ ಓಡಿಸ್ತಾವ್ರೋ?" ಎಂದದ್ದು ನನಗೆ ಕೇಳಿಸಿತು. ಚನ್ನಬಸಮ್ಮ ನನ್ನ ಭುಜ ಹಿಡಿದು ಎದ್ದಳು. ಉಬ್ಬಸದಲ್ಲೇ, ಮೈಕಿಲ್ಲದೆ, ಆ ಒಂದೇ ಸಾಲನ್ನು ಮತ್ತೆ ಎತ್ತಿದಳು. ನಾನು ಹಿಂದೆ ಹಿಡಿದೆ. 'ಹೋಗಿ' ನುಂಗಿಕೊಂಡು 'ಬಾರೆ' ಎಂದೆವು. ಎದೆಯ ಸದ್ದು ಎಲ್ಲರಿಗೂ ಕೇಳಿತು, ಆದರೂ ಮೂರು ಸಲ ಹೇಳಿದೆವು.

ಆ ದಿನದಲ್ಲಿ ನನಗೆ ಮರೆಯಲಾಗದೆ ಉಳಿದದ್ದು ಕುಸುಮಾಳ ಮುಖ. ಅವಳು ಮೈಕಿನ ಪೆಟ್ಟಿಗೆಯ ಪಕ್ಕ ನಿಂತಿದ್ದಳು. ಮೈಕು ಕೂಗಿದಾಗಲೂ ನಗುಮುಖದಲ್ಲೇ ಇದ್ದಳು. ಜನ ಯಾಕೆ ತನ್ನ ಕಡೆ ತಿರುಗಿದರು ಎಂದು ಅವಳಿಗೆ ಗೊತ್ತಾಗಲೇ ಇಲ್ಲ. ಸುಲೋಚನಮ್ಮ ಹೋಗಿ ಬೈದ ಮೇಲಷ್ಟೇ ಆ ನಗು ನಿಂತದ್ದು.

ಮುಂದಿನ ಶನಿವಾರ ನಾನೊಬ್ಬಳೇ ಅವಳ ಕೋಣೆಗೆ ಹೋದೆ. ಸಂತೆಯಲ್ಲಿ ಆಗಲೇ ಮಾತು ಹರಡಿತ್ತು. ಅವಳ ಅಪ್ಪ ಚನ್ನಮಲ್ಲಪ್ಪ ಅಂಗಡಿಯ ಬಾಗಿಲಲ್ಲಿ ಕೂತು, "ಒಳಗೇ ಅವಳೆ ಕಣಮ್ಮ, ಮೂರು ದಿನದಿಂದ ಅದೊಂದೇ ಹಾಡು" ಎಂದರು.

"ತೋರಿಸಿ ದೊಡ್ಡಮ್ಮ, ಎಲ್ಲಿ ತಪ್ಪಾಯ್ತು?" ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಮೊದಲು ನಾವು ಹಾಡಿದ್ದನ್ನು ಹಾಗೇ ಹಾಕಿದಳು, ಆಮೇಲೆ ಯಂತ್ರ ತಿದ್ದಿದ್ದು. ನಾನು ಬೆರಳು ತೋರಿಸಿದೆ. "ಇಲ್ಲಿ. ನಾವು ಇಲ್ಲಿ 'ಹೋಗಿ' ಅಂತ ಮೆಲ್ಲಗೆ ಅಂದಿದೀವಿ. ನಿನ್ನ ಮೇಷ್ಟ್ರು ಅದನ್ನ ಕೂಗ್ಸಿದೆ."

ಅವಳು ಮೊದಲಿನದನ್ನು ಮೂರು ಸಲ ಹಾಕಿ ಕೇಳಿದಳು. "ಇಲ್ಲಿ ಏನೂ ಇಲ್ವಲ್ಲ. ಖಾಲಿ ಇತ್ತು. ದನಿ ಬಿದ್ದೋಗಿದೆ, ಪಾಪ ಉಬ್ಬಸಕ್ಕೆ, ಅಂತ ನಾನೂ ಅಂದ್ಕೊಂಡೆ. ಯಂತ್ರ ಎತ್ತಿಕೊಡ್ತು. ಎತ್ತಿದ್ದು ಸರಿ ಅಂತ ಬಿಟ್ಟೆ."

ನನಗೆ ಅವಳ ಮಾತು ಅರ್ಥವಾಗಲಿಲ್ಲ. ಖಾಲಿ ಎಲ್ಲಿದೆ? ನನಗೆ ನಿಚ್ಚಳವಾಗಿ ಕೇಳುತ್ತಿದೆ. ನಾನೇ ಹಾಡಿ ತೋರಿಸುತ್ತೇನೆ ಎಂದು ಅವಳ ಪಕ್ಕದಲ್ಲೇ ಕೂತು ಮೆಲ್ಲಗೆ ಹಾಡಿದೆ. ಅವಳು ನನ್ನ ಬಾಯಿ ನೋಡುತ್ತಾ ತಲೆಯಾಡಿಸಿದಳು. ಎರಡನೆಯ ಸಲ ಹಾಡುವಾಗ ಕೆಮ್ಮು ಬಂದ ಹಾಗಾಗಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡೆ. ಆ ಸಾಲು ಹಾಡಿ ಮುಗಿಸಿ ಅವಳ ಮುಖ ನೋಡಿದರೆ, ಅವಳು ಕಾಯುತ್ತಾ ಕೂತಿದ್ದಳು.

"ಹಾಡಿ ದೊಡ್ಡಮ್ಮ. ಯಾಕೆ ಸುಮ್ನಾದ್ರಿ?"

ನಾನು ಸೆರಗು ಇಳಿಸಿದೆ. "ಹಾಡಿದ್ನಲ್ಲ ಮಗ."

ಆಗ ಅವಳ ಮುಖ ನೋಡಲಾಗಲಿಲ್ಲ. ಪೆನ್ಸಿಲನ್ನು ತುರುಬಿನಿಂದ ತೆಗೆದು ಮತ್ತೆ ಸಿಕ್ಕಿಸಿಕೊಂಡಳು. ಆಮೇಲೆ ಎಲ್ಲವನ್ನೂ ಹೇಳಿದಳು. ಚಿಕ್ಕಂದಿನಿಂದ ಅಪ್ಪನ ಮೈಕುಗಳ ಬುಡದಲ್ಲೇ ಬೆಳೆದವಳು. ತಾಯಿಗೂ ಕಿವಿ ಮಂದವಿತ್ತು. ಐದು ವರ್ಷದಿಂದ ಅವಳಿಗೆ ಎರಡೂ ಕಿವಿ ಇಳಿಯುತ್ತಾ ಬಂದಿವೆ. ಗಟ್ಟಿಯದೆಲ್ಲ ಕೇಳುತ್ತದೆ, ಸಣ್ಣದು, ಮೆಲ್ಲಗಿನದು ಕೇಳುವುದಿಲ್ಲ. ಮೈಸೂರಿನ ಡಾಕ್ಟರು ಕಿವಿಗೆ ಯಂತ್ರ ಹಾಕಿಸಿಕೋ ಎಂದು ಎರಡು ಸಲ ಹೇಳಿದ್ದಾರೆ, ಇವಳು ಹೋಗಿಲ್ಲ.

"ಕಿವಿಗೆ ಮಿಷನ್ ಹಾಕ್ಕೊಂಡಿರೋ ಸೌಂಡಿನೋಳ ಹತ್ರ ಯಾರು ಬರ್ತಾರೆ ಹೇಳಿ. ಕಣ್ಣು ಕಾಣ್ದೋರ ಹತ್ರ ಬಟ್ಟೆ ಹೊಲೆಯೋಕೆ ಕೊಡ್ತಾರಾ? ಈ ಪ್ರೋಗ್ರಾಮು ಬಂದಾಗ ದೇವರೇ ಬಂದಂಗಾಯ್ತು. ನಂಗೆ ಕೇಳ್ದೇ ಇರೋದನ್ನೆಲ್ಲ ಅದು ಕೇಳುತ್ತೆ, ನಾನು ಪರದೆ ನೋಡ್ಕೊಂಡು ಹೂಂ ಅಂತೀನಿ. ಆಟೋದಲ್ಲಿ ಕೂತು ಪುಟ್ರಾಜಣ್ಣನ್ನ ಕೇಳ್ತೀನಲ್ಲ, ಅದೂ ಅದಕ್ಕೇ. ಅಪ್ಪಂಗೂ ಗೊತ್ತಿಲ್ಲ. ಈ ಕೆಲಸ ಹೋದ್ರೆ ನಂಗೆ ಬೇರೆ ಏನೂ ಬರಲ್ಲ ದೊಡ್ಡಮ್ಮ. ಬೇರೆ ಏನೂ ಬೇಕಾಗೂ ಇಲ್ಲ."

ಮೂರನೆಯ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಅಷ್ಟು ಕಲಿತವಳಿಗೆ ಬುದ್ಧಿ ಹೇಳುವಷ್ಟು ನನಗೆ ಎಲ್ಲಿಂದ ಬರಬೇಕು? "ಮೊದ್ಲು ಆ ಹಾಡು ಸರಿಮಾಡು. ನಾನು ಕೂತ್ಕೋತೀನಿ" ಎಂದೆ ಅಷ್ಟೆ.

ಹೇಗೆ ಮಾಡಿದೆವೆಂದರೆ, ನನ್ನ ಕಿವಿಗೆ ಹಾಡು ಕೇಳುವ ಕರಿ ಬಟ್ಟಲುಗಳನ್ನು ಹಾಕಿಸಿದಳು. ಹಾಡು ಓಡುವಾಗ ಎಲ್ಲಿ ಮಾತನ್ನು ನುಂಗಿದ್ದೇವೋ ಅಲ್ಲಿ ನಾನು ಕೈ ಎತ್ತುವುದು, ನುಂಗುವುದು ಮುಗಿದ ಕೂಡಲೇ ಇಳಿಸುವುದು. ಕೈ ಎತ್ತಿದಲ್ಲೆಲ್ಲ ಅವಳು ಪರದೆಯ ಮೇಲೆ ಗುರುತು ಹಾಕಿ, ಇಲ್ಲಿ ಮುಟ್ಟಬೇಡ ಎಂದು ಯಂತ್ರಕ್ಕೆ ಹೇಳುವುದು. ಉಬ್ಬಸವನ್ನು ಮಾತ್ರ ತೆಗೆ, 'ಹೋಗಿ'ಯನ್ನು ಬಿಡು. ಸಂಜೆಗೆ ಹಾಡು ಸರಿಯಾಯಿತು. ಗೌರಿ ಹಬ್ಬಕ್ಕೆ ಭವ್ಯಶ್ರೀ ಗಂಡನ ಜೊತೆ ಬಂದಾಗ ಕುಸುಮಾ ತಾನೇ ಆ ಹಾಡು ಹಿಡಿದುಕೊಂಡು ಚನ್ನಬಸಮ್ಮನ ಮನೆಗೆ ಹೋದಳು. ನಾನೂ ಇದ್ದೆ. ಎಲ್ಲರೂ ಕೇಳಿದ ಮೇಲೆ, ತನ್ನ ಕಿವಿಯ ವಿಷಯವನ್ನು ಸುಲೋಚನಮ್ಮನ ಮುಂದೆ ತಲೆ ತಗ್ಗಿಸದೆ ಹೇಳಿದಳು. ತಪ್ಪು ಯಂತ್ರದ್ದಲ್ಲ, ತನಗೆ ಕೇಳದೆ ಇದ್ದದ್ದನ್ನು ತಾನು ಮುಚ್ಚಿಟ್ಟದ್ದು ಎಂದಳು.

ಉತ್ತರ ಕೊಟ್ಟವಳು ಚನ್ನಬಸಮ್ಮ. "ನಂಗೆ ಉಬ್ಬಸ, ನಿಂಗೆ ಕಿವಿ, ಈ ಗುರುಸಿದ್ದಿಗೆ ಮಂಡಿ. ಮೂರು ಜನಾನೂ ಕಲಸಿದ್ರೆ ಒಂದು ಗಟ್ಟಿ ಹೆಂಗಸಾಗುತ್ತೆ. ಎದ್ದು ಹೋಳಿಗೆ ಬಡಿಸೆ ಸುಲೋಚನ."

ಅಲ್ಲಿಂದ ಮುಂದೆ ನನ್ನ ಶನಿವಾರ ಎಂದರೆ ಅರ್ಧ ಸಂತೆ, ಅರ್ಧ ಕುಸುಮಾಳ ಕೋಣೆ. ಅವಳಿಗೆ ಒಂದು ಯೋಚನೆ ಬಂದಿತ್ತು. ಯಂತ್ರಕ್ಕೆ ಹೊಸದಾಗಿ ಕಲಿಸುವ ದಾರಿ ಇದೆಯಂತೆ. ಮೈಸೂರಿನಲ್ಲಿ ಜೊತೆಗೆ ಕೆಲಸ ಮಾಡಿದವರನ್ನು ಫೋನಿನಲ್ಲಿ ಕೇಳಿ ಕೇಳಿ ತಿಳಿದುಕೊಂಡಳು. ಹಾಡಿದ್ದು ಹೇಗಿತ್ತು, ಅದು ತಿದ್ದಿದ್ದು ಹೇಗಿತ್ತು, ಆಮೇಲೆ ನಾವು ಅದನ್ನು ತಿದ್ದಿದ್ದು ಹೇಗಿತ್ತು, ಇವನ್ನು ಪಕ್ಕಪಕ್ಕ ಇಟ್ಟು ಅದಕ್ಕೆ ಮತ್ತೆ ಮತ್ತೆ ಕೊಡುವುದು. ಒಂದೆರಡು ಹಾಡು ಸಾಲದು. ಅದಕ್ಕಾಗಿ ಆ ವರ್ಷ ನಾನೂ ಚನ್ನಬಸಮ್ಮನೂ ನೆನಪಿದ್ದದ್ದನ್ನೆಲ್ಲ ಹಾಡಿದೆವು. ಅರಿಶಿನ ಕುಟ್ಟುವ ಪದ, ಹಸೆಗೆ ಕರೆಯುವ ಪದ, ಬೀಗರನ್ನು ಆಡಿಕೊಳ್ಳುವ ಪದ. ಆಡಿಕೊಳ್ಳುವ ಪದದಲ್ಲಿ ಕೆಲವು ಮಾತು ಕೇಳಿ ಕುಸುಮಾ ಹಣೆ ಚಚ್ಚಿಕೊಂಡಳು. "ಇದನ್ನೂ ನುಂಗ್ಬಾರ್ದಾ ದೊಡ್ಡಮ್ಮ?" "ಅದನ್ನ ನುಂಗಿದ್ರೆ ಬೀಗರಿಗೆ ಕೇಳೋದು ಹೆಂಗಮ್ಮ" ಎಂದಳು ಚನ್ನಬಸಮ್ಮ.

ಕೈ ಎತ್ತಿ ಇಳಿಸಿ, ಎತ್ತಿ ಇಳಿಸಿ, ನನ್ನ ರಟ್ಟೆ ನೋಯುತ್ತಿತ್ತು. ಮಳೆಗಾಲ ಮುಗಿಯುವ ತನಕ ಇದೇ ಕೆಲಸ. ಯಂತ್ರಕ್ಕೆ ಒಂದು ಸಲ ಹತ್ತಿದ ಅಭ್ಯಾಸ ಬಿಡಿಸುವುದು ಕಷ್ಟ. ಒಂದು ವಾರ ಎಲ್ಲ ಮಾತನ್ನೂ ಪಿಸುಮಾತು ಮಾಡಿಬಿಟ್ಟಿತು, ಇನ್ನೊಂದು ವಾರ ಮತ್ತೆ ಎಲ್ಲ ಕೂಗು. ಕುಸುಮಾ ಬೇಸರಪಡುತ್ತಿರಲಿಲ್ಲ. "ನಿಮ್ಮ ಅತ್ತೆ ನಿಮಗೆ ಎಷ್ಟು ದಿನಕ್ಕೆ ಕಲಿಸಿದ್ರು?" ಎಂದು ಕೇಳಿದಳು. ಎರಡು ವರ್ಷ ಎಂದೆ. "ಮತ್ತೆ?" ಎಂದು ಕೆಲಸಕ್ಕೆ ಬಾಗಿದಳು.

ದೀಪಾವಳಿ ಕಳೆದ ಮೇಲೆ ಒಂದು ದಿನ ಪರೀಕ್ಷೆ ಮಾಡೋಣ ಎಂದಳು. ಅದು ಒಮ್ಮೆಯೂ ಕೇಳದ ಒಂದು ಪದ ಬೇಕು. ಚನ್ನಬಸಮ್ಮ ಬಹಳ ಯೋಚಿಸಿ ಒಂದು ಸೀಮಂತದ ಪದ ತೆಗೆದಳು. ಅದರಲ್ಲಿ ಹಾಡುವವಳು ತನ್ನ ಗಂಡನ ಹೆಸರು ಸೇರಿಸಬೇಕು. ಗಂಡನ ಹೆಸರನ್ನು ನಾವು ಬಾಯಿಬಿಟ್ಟು ಹೇಳುವವರಲ್ಲ. ಚನ್ನಬಸಮ್ಮನ ಗಂಡ ತೀರಿಕೊಂಡು ಹನ್ನೆರಡು ವರ್ಷ, ಆದರೂ ಅವಳು ಆ ಹೆಸರು ಬಂದ ಕಡೆ ಗಂಟಲಲ್ಲೇ ಮುಗಿಸಿದಳು. ಕುಸುಮಾಗೆ ಇದನ್ನು ನಾವು ಹೇಳಿರಲಿಲ್ಲ. ನಾನು ಕೈ ಎತ್ತಲೂ ಇಲ್ಲ. ಹಾಡನ್ನು ಯಂತ್ರಕ್ಕೆ ಕೊಟ್ಟು ಮೂವರೂ ಕಾದೆವು.

ಅದು ಹೆಸರನ್ನು ಮುಟ್ಟಲಿಲ್ಲ. ಎಷ್ಟು ಮೆಲ್ಲಗಿತ್ತೋ ಅಷ್ಟೇ ಮೆಲ್ಲಗೆ, ಆದರೆ ಉಬ್ಬಸವಿಲ್ಲದೆ, ಹೆಸರು ಬಂದು ಹೋಯಿತು. ಚನ್ನಬಸಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. "ನೋಡ್ದೇನೇ ಗುರುಸಿದ್ದಿ, ನಮ್ಮ ಯಜಮಾನ್ರ ಹೆಸರು ಹೇಳಲಿಲ್ಲ! ಯಾವ ಮನೆತನದ ಹೆಣ್ಣಮ್ಮ ಇದು?"

ನಾವು ನಕ್ಕು ಸಾಕಾಗಿ ಇನ್ನೊಂದು ಸಲ ಹಾಕಿಸಿದೆವು. ಆಗ ನನಗೆ ಬೇರೆ ಒಂದು ಕೇಳಿಸಿತು. ಮೂರನೆಯ ನುಡಿಯಲ್ಲೂ ಒಂದು ಕಡೆ ಮಾತು ಹಾಗೇ ಒಳಗಿತ್ತು. "ಅಲ್ಲಿ ಯಾರ ಹೆಸರೇ?" ಎಂದು ಚನ್ನಬಸಮ್ಮನನ್ನು ಕೇಳಿದೆ. ಅವಳು ನಾಚಿಕೊಂಡಳು. "ಹೆಸರೂ ಇಲ್ಲ, ಉಸಿರೂ ಇಲ್ಲ. ಆ ಮಾತು ಮರ್ತೋಗಿತ್ತು, ಬಾಯಲ್ಲೇ ಏನೋ ಮಣಮಣ ಅಂದು ದಾಟಿಸ್ದೆ."

"ಮರೆತದ್ದಕ್ಕೂ ಮರ್ಯಾದೆ ಕೊಟ್ಟಿದೆಯಲ್ಲಮ್ಮ ನಿನ್ನ ಮಿಷನ್ನು!" ಎಂದು ನಾನು ಕುಸುಮಾಳ ಕಡೆ ತಿರುಗಿದೆ. ಅವಳು ನಗುತ್ತಿರಲಿಲ್ಲ. ಪರದೆಯ ಮೇಲೆ ಆ ಎರಡು ಜಾಗಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುತ್ತಿದ್ದಳು.

"ನಂಗೂ ಎರಡೂ ಒಂದೇ ಥರ ಕಂಡ್ತು ದೊಡ್ಡಮ್ಮ. ಮರ್ಯಾದೆ ಎಷ್ಟುದ್ದವೋ ಮರೆವೂ ಅಷ್ಟೇ ಉದ್ದ. ನೋಡಿ ಹೇಳೋಕಾಗಲ್ಲ ಇದನ್ನ. ಕೇಳಿಯೇ ಹೇಳ್ಬೇಕು."

"ನಾನು ಹೇಳ್ತೀನಲ್ಲ ಮಗ."

"ನೀವು ಶನಿವಾರ ಹೇಳ್ತೀರ. ಮಿಕ್ಕ ದಿನ?"

ಅದಾಗಿ ಹದಿನೈದು ದಿನಕ್ಕೆ ಜಿಲ್ಲೆಯ ಆ ತುದಿಯ ಕರಿಕೆಯಿಂದ ಐದು ಜನ ಹೆಂಗಸರು ಜೀಪು ಮಾಡಿಕೊಂಡು ಬಂದರು. ಅಷ್ಟು ದೂರದಿಂದ, ಬೆಳಗಿನ ಜಾವ ಹೊರಟವರು. ಅವರ ಹಾಡು ಅರೆಭಾಷೆಯಲ್ಲಿ. ನಮ್ಮ ಹಾಡು ಯಾರದೋ ಫೋನಿನಲ್ಲಿ ಕೇಳಿ, ತಮ್ಮದನ್ನೂ ಹಾಗೆ ಮಾಡಿಸಬೇಕು ಎಂದು ಬಂದಿದ್ದರು. ಕುಸುಮಾ ಅವರಿಗೆ ಕಾಫಿ ಕೊಟ್ಟು, ಹಾಡುವ ಮೊದಲೇ ಹೇಳಿದಳು. "ನನ್ನ ಕಿವಿ ಅರ್ಧ. ಈ ಯಂತ್ರ ಇನ್ನೂ ಕಲೀತಾ ಇದೆ. ನಿಮ್ಮ ಹಾಡಲ್ಲಿ ಯಾವುದು ಗಟ್ಟಿ, ಯಾವುದು ಮೆತ್ತಗೆ ಅಂತ ನೀವೇ ಒಬ್ರು ನನ್ನ ಪಕ್ಕ ಕೂತು ಕೈ ಎತ್ತಿ ಹೇಳ್ಬೇಕು. ಒಪ್ಗೆ ಆದ್ರೆ ಮಾಡೋಣ."

ನಾನು ಮೂಲೆಯಲ್ಲಿ ಕೂತು ಸೆರಗಿನ ತುದಿ ಹಿಂಡುತ್ತಿದ್ದೆ. ಅವರು ಎದ್ದು ಜೀಪು ಹತ್ತಿದರೆ ಈ ಹುಡುಗಿಯ ಗತಿ ಏನು ಎಂದು. ಆ ಐವರಲ್ಲಿ ಹಿರಿಯಳು ಕಾಫಿ ಲೋಟ ಕೆಳಗಿಟ್ಟು, "ನಾವೇ ಕೂರೋದಾ? ಅದೇ ಒಳ್ಳೆಯದಾಯ್ತಲ್ಲ" ಎಂದಳು. "ಸುಳ್ಯದಲ್ಲಿ ಒಬ್ರು ಸೌಂಡಿನೋರು ನಮ್ಮನ್ನ ಹೊರಗೆ ಕೂರ್ಸಿ ಬಾಗಿಲು ಹಾಕ್ಕೊಂಡಿದ್ರು." ಅಷ್ಟೇ. ಒಬ್ಬಳು ಕಿವಿಗೆ ಕರಿ ಬಟ್ಟಲು ಹಾಕಿಕೊಂಡು ಕೂತಳು. ಅವಳ ಕೈ ನನ್ನ ಕೈ ಏಳುವ ಕಡೆ ಏಳಲಿಲ್ಲ, ಬೇರೆಲ್ಲೋ ಎದ್ದಿತು. ಅವರ ನುಂಗುವ ಮಾತೇ ಬೇರೆ.

ಅವರನ್ನು ಕಳಿಸಿ ಬಂದು ಕುಸುಮಾ ಕುರ್ಚಿಯ ಮೇಲೆ ಕೂತಳು. ಬಹಳ ದಿನದ ಮೇಲೆ ಅವಳ ಮುಖ ಹಗುರವಾಗಿ ಕಂಡಿತು. ಯಾರೂ ಎದ್ದು ಹೋಗಲಿಲ್ಲವಲ್ಲ ದೊಡ್ಡಮ್ಮ ಎಂದು ಎರಡು ಸಲ ಹೇಳಿದಳು. ಆಮೇಲೆ ಮೇಜಿನ ಡ್ರಾಯರಿನಿಂದ ಮೈಸೂರಿನ ಡಾಕ್ಟರು ಬರೆದುಕೊಟ್ಟ ಹಳೆಯ ಚೀಟಿ ತೆಗೆದಳು. ಮಡಿಕೆಯಲ್ಲೇ ಹರಿದು ಹೋಗಿತ್ತು. ಸೋಮವಾರಕ್ಕೆ ದಿನ ಕೇಳಿ ಇಟ್ಟಿದ್ದೇನೆ ಎಂದಳು. ಅಪ್ಪನಿಗೂ ಹೇಳಿದ್ದಾಳಂತೆ. ಅವರು, "ನಿಮ್ಮಮ್ಮಂಗೂ ಹಾಕಿಸ್ಬೇಕಿತ್ತು" ಎಂದು ಅಂಗಡಿಯ ಒಳಗೆ ಹೋಗಿಬಿಟ್ಟರಂತೆ.

"ನೀವೂ ಬರ್ಬೇಕು ದೊಡ್ಡಮ್ಮ" ಎಂದಳು.

"ನಾನ್ಯಾಕೆ ಮಗ? ಆಸ್ಪತ್ರೆಯಲ್ಲಿ ನಂಗೇನು ತಿಳಿಯುತ್ತೆ?"

"ಆ ಕಿವಿಯ ಮಿಷನ್ ಒಳಗೂ ಇಂಥದೇ ಒಂದು ಕೂತಿರುತ್ತಂತೆ. ಯಾವುದು ಮಾತು, ಯಾವುದು ಗಲಾಟೆ ಅಂತ ಅದೇ ತೀರ್ಮಾನ ಮಾಡುತ್ತೆ. ಕೂರಿಸೋ ದಿನ ನಮ್ಮ ಕಿವಿಗೆ ಸರಿಯಾಗಿ ತಿದ್ದಿಕೊಡ್ತಾರೆ. ಅಲ್ಲಿಯೋರು ಅವರ ದನೀಲಿ ಮಾತಾಡಿ, ಕೇಳ್ತಾ ಅಂತಾರೆ, ನಾನು ಹೂಂ ಅಂತೀನಿ. ಊರಿಗೆ ಬಂದ್ಮೇಲೆ ನಿಮ್ಮದು ಕೇಳಲ್ಲ. ಅದಕ್ಕೇ ನೀವು ನನ್ನ ಬೆನ್ನ ಹಿಂದೆ ಕೂತ್ಕೋಬೇಕು, ನಾನು ಬಾಯಿ ನೋಡಬಾರ್ದು. ಹಾಡೋದು ಬೇಡ. ಸುಮ್ನೆ ಮಾತಾಡಿ. ಬೈದ್ರೂ ಪರ್ವಾಗಿಲ್ಲ, ಮೆಲ್ಲಗೆ ಬೈಯಿರಿ."